ಸೆರೆಮನೆಯ ಹೊರಗಿನ ಶಿಕ್ಷೆ: ಕೃಷ್ಣಾ-ಘಟಪ್ರಭಾ ನಾಡಿನ ಒಂದು ಇತಿಹಾಸ

1857ರ ಡಿಸೆಂಬರ್ ತಿಂಗಳಿನಲ್ಲಿ ಹಲಗಲಿಯ ಬೇಡರನ್ನು ಜನರ ಕಣ್ಣೆದುರಿಗೇ ಗಲ್ಲಿಗೇರಿಸಲಾಯಿತು. ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರಕಾರದ ಆಜ್ಞೆಗೆ ಅವರು ಮಣಿದಿರಲಿಲ್ಲ. ಊರಿಗೆ ಬೆಂಕಿ ಬಿದ್ದಿತು, ಬದುಕಿದವರು ದಿಕ್ಕಾಪಾಲಾದರು. ಮುಧೋಳ ಸೀಮೆಯ ಲಾವಣಿಕಾರರು ಆ ದುಃಖವನ್ನು ಇಂದಿಗೂ ಹಾಡುತ್ತಾರೆ. ಅಂದಿನ ಆಳರಸರ ದೃಷ್ಟಿಯಲ್ಲಿ ಶಿಕ್ಷೆಯೆಂದರೆ ನೋಡಿದವರ ಎದೆ ನಡುಗಿಸುವ ಒಂದು ಪ್ರದರ್ಶನ. ಶಿಕ್ಷೆಗೆ ಒಳಗಾದವನು ಮುಂದೆ ಏನಾಗಬೇಕು, ಅವನ ಹೆಂಡಿರು ಮಕ್ಕಳು ಹೇಗೆ ಬದುಕಬೇಕು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ಆ ಪ್ರಶ್ನೆಯನ್ನು ಕಾನೂನು ಕೇಳಿಕೊಳ್ಳಲು ಮುಂದೆ ನೂರು ವರುಷಗಳೇ ಹಿಡಿದವು. ಆ ನೂರು ವರುಷಗಳ ಕಥೆಯ ಹಲವು ಎಳೆಗಳು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ನೆಲದಲ್ಲಿಯೂ ಅದರ ನೆರೆಯಲ್ಲಿಯೂ ಹಾದುಹೋಗಿವೆ.

ಸ್ವಾತಂತ್ರ್ಯಪೂರ್ವದಲ್ಲಿ ಈ ನಾಡು ಒಂದೇ ಆಡಳಿತದ ಕೆಳಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಇಂದು ಒಂದೇ ಹೆಸರಿನಲ್ಲಿ ಕೂಡಿಕೊಂಡಿರುವ ಜೋಡಿ ಊರುಗಳ ಪೈಕಿ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಒಂದೇ ಬಗೆಯ ಸೀರೆ ನೇಯುವ, ಒಂದೇ ಭಾಷೆಯಾಡುವ ನೆರೆಹೊರೆಯವರು ಒಂದೇ ತಪ್ಪಿಗಾಗಿ ಬೇರೆ ಬೇರೆ ದೊರೆಗಳ ನ್ಯಾಯಾಲಯಗಳ ಮುಂದೆ ನಿಲ್ಲಬೇಕಾಗಿತ್ತು.

ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ ಮೊದಲ ಬಾಗಿಲು ತೆರೆದದ್ದು 1898ರ ದಂಡ ಪ್ರಕ್ರಿಯಾ ಸಂಹಿತೆ. ಅದರ 562ನೆಯ ಕಲಮು ಮೊದಲ ಬಾರಿ ತಪ್ಪು ಮಾಡಿದವನನ್ನು ಕೆಲವು ಪ್ರಕರಣಗಳಲ್ಲಿ ಸೆರೆಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಇದರ ಮೂಲವನ್ನು ಹುಡುಕಿದರೆ ಅಮೇರಿಕೆಯ ಬೋಸ್ಟನ್ ನಗರದ ಜಾನ್ ಆಗಸ್ಟಸ್ ಎಂಬ ಪಾದರಕ್ಷೆ ತಯಾರಿಸುವ ಕಸುಬುದಾರನ ಹೆಸರು ಕಾಣುತ್ತದೆ. ಆತ ನ್ಯಾಯಾಧೀಶನೂ ಅಲ್ಲ, ವಕೀಲನೂ ಅಲ್ಲ. 1841ರಲ್ಲಿ ನ್ಯಾಯಾಲಯದಲ್ಲಿ ನಿಂತಿದ್ದ ಒಬ್ಬ ಕುಡುಕನಿಗೆ ಆತ ತಾನೇ ಜಾಮೀನಾದ. ಅವನನ್ನು ಮನೆಗೆ ಕರೆದೊಯ್ದು, ಕೆಲಸಕ್ಕೆ ಹಚ್ಚಿ, ಗೊತ್ತುಪಡಿಸಿದ ದಿನ ಬದಲಾದ ಮನುಷ್ಯನಾಗಿ ನ್ಯಾಯಾಲಯದ ಮುಂದೆ ನಿಲ್ಲಿಸಿದ. ಮುಂದೆ ಸಾವಿರಾರು ಜನರಿಗೆ ಹೀಗೆಯೇ ಹೊಣೆಯಾದ. ಗೃಹಸ್ಥನೊಬ್ಬನ ಕರುಣೆಯಿಂದ ಹುಟ್ಟಿದ ಈ ರೂಢಿಯನ್ನು ಸರಕಾರಗಳು ಅನಂತರ ಕಾನೂನು ಮಾಡಿಕೊಂಡವು. ಮುಂಬಯಿ ಪ್ರಾಂತದಲ್ಲಿ 1938ರಲ್ಲಿ, ಬಾಳಾಸಾಹೇಬ ಖೇರರ ಮಂತ್ರಿಮಂಡಲದ ಕಾಲದಲ್ಲಿ, ಪ್ರೊಬೇಷನ್ನಿಗೆಂದೇ ಪ್ರತ್ಯೇಕ ಕಾನೂನು ಬಂದಿತು. ಆದರೆ ಪ್ರಾಂತದ ಕಾನೂನು ಸಂಸ್ಥಾನಗಳ ಗಡಿಯನ್ನು ತಾನಾಗಿ ದಾಟುತ್ತಿರಲಿಲ್ಲ.

ಅದೇ ಕಾಲದಲ್ಲಿ ನೆರೆಯ ಒಂದು ಚಿಕ್ಕ ಸಂಸ್ಥಾನ ಎಲ್ಲರಿಗಿಂತ ಮುಂದೆ ಹೋಯಿತು. ಅದು ಔಂಧ. ಸಾತಾರೆಯ ಕಡೆಯ ಈ ಸಂಸ್ಥಾನಕ್ಕೆ ವಿಜಾಪುರ ಭಾಗದ ಗುಣದಾಳದಂತಹ ಕನ್ನಡ ನೆಲವೂ ಸೇರಿತ್ತು. ಸೂರ್ಯನಮಸ್ಕಾರದ ಪ್ರಚಾರದಿಂದ ಹೆಸರಾದ ಅಲ್ಲಿನ ಅರಸ ಭವಾನರಾವ ಪಂತ ಪ್ರತಿನಿಧಿಯವರು 1938ರಲ್ಲಿ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವುದಾಗಿ ಘೋಷಿಸಿದರು. ಗಾಂಧೀಜಿಯವರ ಸಲಹೆಯೊಂದಿಗೆ 1939ರಲ್ಲಿ ಅಲ್ಲಿ ಹೊಸ ಸಂವಿಧಾನ ಜಾರಿಗೆ ಬಂದಿತು. ಈ ಕಾರ್ಯದಲ್ಲಿ ಅರಸರಿಗೂ ಅವರ ಮಗ ಅಪ್ಪಾ ಪಂತರಿಗೂ ನೆರವಾದವರು ಮಾರಿಸ್ ಫ್ರೀಡ್‌ಮನ್. ಪೋಲೆಂಡ್ ದೇಶದಲ್ಲಿ ಹುಟ್ಟಿ, ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಎಂಜಿನಿಯರರಾಗಿದ್ದು, ಮುಂದೆ ಭಾರತಾನಂದ ಎಂಬ ಹೆಸರು ಪಡೆದವರು ಅವರು. ಅವರ ಪ್ರೇರಣೆಯಿಂದ ಆಟಪಾಡಿಯ ಹತ್ತಿರ ಸ್ವತಂತ್ರಪುರ ಎಂಬ ವಸಾಹತು ನಿರ್ಮಾಣವಾಯಿತು. ಘೋರ ಅಪರಾಧಗಳಿಗಾಗಿ ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳು ಅಲ್ಲಿ ಎತ್ತರದ ಗೋಡೆಯಿಲ್ಲದೆ ಭೂಮಿ ಸಾಗುವಳಿ ಮಾಡುತ್ತ ಬದುಕಿದರು. ಆಟಪಾಡಿ ಸೀಮೆಯಲ್ಲಿಯೇ ಹುಟ್ಟಿದ ಮರಾಠಿ ಕವಿ ಗ. ದಿ. ಮಾಡಗೂಳಕರರು ಈ ಪ್ರಯೋಗವನ್ನು ಆಧರಿಸಿ ಕಥೆ ಬರೆದರು. ಅದು ವಿ. ಶಾಂತಾರಾಮರ ‘ದೋ ಆಂಖೇ ಬಾರಹ ಹಾಥ್’ ಎಂಬ ಚಿತ್ರವಾಗಿ 1957ರಲ್ಲಿ ದೇಶಕ್ಕೆಲ್ಲ ತಿಳಿಯಿತು.

ಸ್ವತಂತ್ರಪುರವು ಪ್ರೊಬೇಷನ್ ಅಲ್ಲ. ಅಲ್ಲಿದ್ದವರು ಶಿಕ್ಷೆಗೊಳಗಾದ ಕೈದಿಗಳೇ, ಅದು ಬಯಲು ಸೆರೆಮನೆಯೇ. ಆದರೂ ಗೋಡೆಗಿಂತ ಹೊಣೆಗಾರಿಕೆಯೇ ಮನುಷ್ಯನನ್ನು ಹೆಚ್ಚು ಬಿಗಿಯಾಗಿ ಕಟ್ಟಬಲ್ಲದೆಂಬ ನಂಬಿಕೆಯನ್ನು ಅದು ಲೋಕದ ಮುಂದೆ ಪರೀಕ್ಷೆಗೆ ಒಡ್ಡಿತು. ಪ್ರೊಬೇಷನ್ ನಿಂತಿರುವುದೂ ಇದೇ ನಂಬಿಕೆಯ ಮೇಲೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ವಿಜಾಪುರ ಜಿಲ್ಲೆಯಲ್ಲಿಯೇ ಇತ್ತು ಎಂಬುದನ್ನು ಮರೆಯಬಾರದು. 1871ರಲ್ಲಿ ಹುಟ್ಟಿ, 1911 ಮತ್ತು 1924ರಲ್ಲಿ ಹೊಸ ರೂಪ ತಾಳಿದ ಅಪರಾಧಿ ಬುಡಕಟ್ಟುಗಳ ಕಾನೂನಿನ ಬಲದಿಂದ ಮುಂಬಯಿ ಸರಕಾರವು ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮೊದಲಾದೆಡೆ ಸೆಟ್ಲಮೆಂಟುಗಳನ್ನು ತೆರೆಯಿತು. ಹರಣಶಿಕಾರಿ, ಘಂಟಿಚೋರ ಮುಂತಾದ ಹೆಸರು ಹಚ್ಚಿ ಜಾತಿಗೆ ಜಾತಿಯನ್ನೇ ಅಲ್ಲಿ ನೆಲೆಗೊಳಿಸಲಾಯಿತು. ಅಲ್ಲಿ ಶಾಲೆಯಿತ್ತು, ಗಿರಣಿಯ ಕೆಲಸವಿತ್ತು, ಸುಧಾರಣೆಯ ಮಾತೂ ಇತ್ತು. ಇರದಿದ್ದದ್ದು ನ್ಯಾಯ ಮಾತ್ರ. ಒಬ್ಬನು ಮಾಡಿದ ಕೃತ್ಯಕ್ಕಾಗಿ ಅಲ್ಲ, ಹುಟ್ಟಿದ ಕುಲಕ್ಕಾಗಿ ಹಾಜರಿ ಕೊಡಬೇಕಾಗಿತ್ತು. ಮುಂಬಯಿ ರಾಜ್ಯವು 1949ರಲ್ಲಿ ಈ ಕಾನೂನನ್ನು ಕಿತ್ತೊಗೆಯಿತು. 1952ರಲ್ಲಿ ಅದು ದೇಶದಾದ್ಯಂತ ರದ್ದಾಯಿತು. ಸೆರೆಮನೆಯ ಹೊರಗಿನ ಶಿಕ್ಷೆಗಳೆಲ್ಲವೂ ಕರುಣೆಯ ಶಿಕ್ಷೆಗಳಲ್ಲ ಎಂಬುದೇ ಇದರ ಪಾಠ. ಸಿದ್ಧವಾದ ಅಪರಾಧ, ಗೊತ್ತಾದ ಅವಧಿ, ಮೇಲ್ಮನವಿಯ ಹಕ್ಕು, ಇವು ಮೂರೂ ಇಲ್ಲದೆಡೆ ‘ಸುಧಾರಣೆ’ಯು ಸೆರೆಗಿಂತ ಕಠೋರವಾಗಬಲ್ಲದು.

1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಆ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದ ಬಿ. ಡಿ. ಜತ್ತಿಯವರು 1958ರ ಮೇ ತಿಂಗಳಿನಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಅದೇ ತಿಂಗಳಿನಲ್ಲಿ ದೇಶದ ಸಂಸತ್ತು ರಚಿಸಿದ ಅಪರಾಧಿಗಳ ಪ್ರೊಬೇಷನ್ ಅಧಿನಿಯಮ, ಅಂದರೆ 1958ರ 20ನೆಯ ಕಾನೂನು, ಅಸ್ತಿತ್ವಕ್ಕೆ ಬಂದಿತು. ಇಂದಿಗೂ ಇದೇ ಈ ವಿಷಯದ ಮೂಲ ಕಾನೂನು.

ಅದರ ನಡೆ ಸರಳವಾದುದು. ಸಣ್ಣ ಕಳವು, ವಂಚನೆ ಅಥವಾ ಎರಡು ವರ್ಷಕ್ಕೆ ಮೀರದ ಶಿಕ್ಷೆಯುಳ್ಳ ಅಪರಾಧವನ್ನು ಮೊದಲ ಬಾರಿ ಮಾಡಿದವನನ್ನು ನ್ಯಾಯಾಲಯ ತಕ್ಕ ಎಚ್ಚರಿಕೆ ಕೊಟ್ಟು ಬಿಡಬಹುದು. ಮರಣದಂಡನೆ ಇಲ್ಲವೆ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಹೊರತುಪಡಿಸಿ ಉಳಿದವುಗಳಲ್ಲಿ, ಅಪರಾಧದ ಬಗೆ ಮತ್ತು ಅಪರಾಧಿಯ ಶೀಲವನ್ನು ನೋಡಿ, ಮೂರು ವರ್ಷಕ್ಕೆ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಬೇಕೆನಿಸಿದಾಗ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಬಹುದು, ಆ ಮೇಲ್ವಿಚಾರಣೆ ಒಂದು ವರ್ಷಕ್ಕಿಂತ ಕಡಿಮೆಯಿರಕೂಡದು. ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕೆ ಉಂಟು. ಇಪ್ಪತ್ತೊಂದು ತುಂಬದವರ ವಿಷಯದಲ್ಲಿ ಕಾನೂನು ಇನ್ನೂ ದೃಢವಾಗಿ ಮಾತನಾಡುತ್ತದೆ. ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧದಲ್ಲಿ ಅಂತಹವರನ್ನು ಸೆರೆಗೆ ಕಳಿಸಬೇಕಾದರೆ ನ್ಯಾಯಾಧೀಶರು ಅಧಿಕಾರಿಯ ವರದಿ ತರಿಸಿ ನೋಡಬೇಕು, ಸೆರೆಯೇ ಏಕೆ ಬೇಕೆಂಬುದಕ್ಕೆ ಕಾರಣ ಬರೆಯಬೇಕು. 1964ರಲ್ಲಿ ಪಂಜಾಬಿನ ಹದಿನಾರು ವರುಷದ ಹುಡುಗನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯ ಹಂತದಲ್ಲಿಯೂ ಈ ಕಾನೂನಿನ ಪ್ರಯೋಜನವನ್ನು ಕೊಡಬಹುದೆಂದು ನಿರ್ಣಯಿಸಿತು. ಮುಚ್ಚಳಿಕೆಯ ಮಾತು ತಪ್ಪಿದವನು ಮಾತ್ರ ಮತ್ತೆ ನ್ಯಾಯಾಲಯದ ಮುಂದೆ ನಿಂತು ಮೂಲ ಅಪರಾಧದ ಶಿಕ್ಷೆಯನ್ನೇ ಎದುರಿಸಬೇಕಾಗುತ್ತದೆ. ಆದ್ದರಿಂದ ಇದು ಕ್ಷಮಾದಾನವಲ್ಲ, ಅವಧಿಯುಳ್ಳ ಒಂದು ವ್ರತ.

ಶ್ರಾವಕರಿಗೆ ಈ ವಿಚಾರಸರಣಿ ತೀರ ಅಪರಿಚಿತವೇನಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಕುಲಕರರ ದಂಡನೀತಿಯನ್ನು ವಿವರಿಸುವಾಗ ಮೊದಲ ಐವರ ಕಾಲದಲ್ಲಿ ‘ಹಾ’ ಎಂಬ ಖೇದದ ನುಡಿಯೇ ಶಿಕ್ಷೆಯಾಗಿತ್ತೆಂದೂ, ಅನಂತರದ ಐವರು ‘ಮಾ’ ಎಂಬ ನಿಷೇಧವನ್ನೂ ಉಳಿದವರು ‘ಧಿಕ್’ ಎಂಬ ಖಂಡನೆಯನ್ನೂ ಕೂಡಿಸಿದರೆಂದೂ ಹೇಳುತ್ತದೆ. ವಧ, ಬಂಧನ ಮುಂತಾದ ಶಾರೀರಿಕ ದಂಡನೆ ಬಂದದ್ದು ಭರತ ಚಕ್ರವರ್ತಿಯ ಕಾಲಕ್ಕೆ, ಅದೂ ಪ್ರಬಲ ದೋಷವುಳ್ಳವರಿಗಾಗಿ. ಸೆರೆಯು ಮೊದಲ ಮೆಟ್ಟಿಲಲ್ಲ, ಕೊನೆಯದು ಎಂಬುದೇ ಇದರ ಭಾವ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿಯೂ ಇದೇ ಕ್ರಮವಿದೆ. ಆಲೋಚನೆ, ಅಂದರೆ ತಪ್ಪನ್ನು ಮುಚ್ಚಿಡದೆ ಗುರುವಿನ ಮುಂದೆ ನಿವೇದಿಸುವುದು, ಅಲ್ಲಿ ಮೊದಲನೆಯದು. ಸಂಘದಿಂದ ಕೆಲಕಾಲ ದೂರವಿರಿಸುವ ಪರಿಹಾರ ಎಂಟನೆಯದು. ಅದರ ಮೇಲೆ ಒಂಬತ್ತನೆಯದಾಗಿ ನಿಂತಿರುವುದು ಉಪಸ್ಥಾಪನೆ, ಮರಳಿ ದೀಕ್ಷೆಯಿತ್ತು ನೆಲೆಗೊಳಿಸುವುದು. ಮುನಿಸಂಘದ ಈ ನಿಯಮವನ್ನು ಲೋಕದ ನ್ಯಾಯಾಲಯಕ್ಕೆ ಹಾಗೆಯೇ ಅನ್ವಯಿಸಲು ಬಾರದು. ಆದರೂ ದೂರವಿರಿಸಿದವನನ್ನು ಮರಳಿ ಸೇರಿಸಿಕೊಳ್ಳದೆ ದಂಡನೀತಿ ಪೂರ್ಣವಾಗದೆಂಬ ತಿಳಿವು ಎರಡಕ್ಕೂ ಸಮಾನ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿತು. ಬ್ರಿಟನ್ನಿನಲ್ಲಿ 1972ರ ಕಾನೂನು 40ರಿಂದ 240 ತಾಸುಗಳ ಸೇವೆಯನ್ನು ವಿಧಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತ್ತು. ಭಾರತಕ್ಕೆ ಅದು ಬರಲು ಮತ್ತೆ ಐವತ್ತು ವರ್ಷ ಹಿಡಿಯಿತು. ಸದ್ಯಕ್ಕೆ ಸಂಹಿತೆಯ ಆರು ಅಪರಾಧಗಳಿಗೆ ಮಾತ್ರ ಈ ಶಿಕ್ಷೆಯುಂಟು. ಕುಡಿದು ಸಾರ್ವಜನಿಕವಾಗಿ ದುರ್ವರ್ತಿಸುವುದು, ಮಾನಹಾನಿ, ಸಣ್ಣ ಕಳವು ಅವುಗಳಲ್ಲಿ ಮುಖ್ಯವಾದವು. ಕಳವಾದ ವಸ್ತು 5000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಕದ್ದವನು ಮೊದಲ ಬಾರಿ ಶಿಕ್ಷೆಗೆ ಒಳಗಾಗುತ್ತಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಹೊಲದ ಪಂಪಿನ ವೈರು ಕದ್ದು ಸಿಕ್ಕಿಬಿದ್ದ ಹುಡುಗ ಈ ಕಲಮಿನ ಕೆಳಗೆ ಬರಬಹುದು. ಬಸದಿಯ ಮೂರ್ತಿಯನ್ನು ಕದ್ದವನು ಬರಲಾರ, ಅದಕ್ಕೆ ಏಳು ವರ್ಷಗಳವರೆಗಿನ ಸೆರೆಯುಳ್ಳ ಬೇರೆ ಕಲಮು ಇದೆ. ಸಮುದಾಯಕ್ಕೆ ಹಿತವಾದ, ಸಂಬಳವಿಲ್ಲದ ಕೆಲಸವೆಂದು ಕಾನೂನು ಈ ಸೇವೆಯನ್ನು ವಿವರಿಸುತ್ತದೆ. ಎಷ್ಟು ದಿನ, ಎಂಥ ಕೆಲಸ ಎಂಬುದನ್ನು ಸಂಹಿತೆ ಗೊತ್ತುಪಡಿಸಿಲ್ಲ.

ಇಲ್ಲಿಯೇ ಸಮಾಜದ ಪರೀಕ್ಷೆ ಆರಂಭವಾಗುತ್ತದೆ. ಮುಚ್ಚಳಿಕೆಯ ಮೇಲೆ ಬಿಡುವ ಮುನ್ನ ನ್ಯಾಯಾಲಯವು ಅಪರಾಧಿಗೆ ಅಥವಾ ಅವನ ಜಾಮೀನುದಾರನಿಗೆ ಸ್ಥಿರವಾದ ಮನೆ ಅಥವಾ ನಿಯತವಾದ ಉದ್ಯೋಗವಿದೆಯೇ ಎಂದು ನೋಡಬೇಕೆಂಬುದು ಕಾನೂನಿನ ಷರತ್ತು. ರಬಕವಿ-ಬನಹಟ್ಟಿಯ ಮಗ್ಗದ ಕೆಲಸಗಾರನೊಬ್ಬ ಮೊದಲ ಬಾರಿ ತಪ್ಪಿದನೆಂದು ಭಾವಿಸೋಣ. ಕೇಸು ಬಿದ್ದ ದಿನವೇ ಮಗ್ಗದ ಯಜಮಾನ ಅವನನ್ನು ಬಿಡಿಸಿದರೆ, ಮನೆಯ ಮಾಲೀಕ ಹೊರಗೆ ಹಾಕಿದರೆ, ಬಂಧುಗಳು ಜಾಮೀನಿಗೆ ನಿಲ್ಲದಿದ್ದರೆ, ಉದಾರವಾದ ಕಾನೂನಿಗೂ ಕಾಲೂರಲು ನೆಲವಿರುವುದಿಲ್ಲ. ಕಾನೂನು ತೆರೆದ ಬಾಗಿಲನ್ನು ಊರೇ ಮುಚ್ಚಿದಂತಾಗುತ್ತದೆ. ಬಡವನೇ ಹೆಚ್ಚಾಗಿ ಸೆರೆಯೊಳಗೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ನೊಂದವರ ಪಕ್ಷವನ್ನೂ ಮರೆಯುವಂತಿಲ್ಲ. ಕಳಕೊಂಡವನ ನಷ್ಟ ತುಂಬದೆ ಕದ್ದವನಿಗೆ ಮಾತ್ರ ದಯೆ ತೋರಿಸುವುದು ಅರ್ಧ ಧರ್ಮ. ಹಿಂಸೆಯನ್ನೇ ಬದುಕಾಗಿಸಿಕೊಂಡವನಿಂದ ಸಮಾಜವನ್ನು ಕಾಪಾಡಲು ಸೆರೆಮನೆ ಬೇಕೇ ಬೇಕು. ಸೇವೆಯ ಹೆಸರಿನಲ್ಲಿ ಒಬ್ಬನನ್ನು ಹತ್ತು ಜನರೆದುರು ಅವಮಾನಿಸಿದರೆ ಅದು 1857ರ ಪ್ರದರ್ಶನದ್ದೇ ಒಂದು ಚಿಕ್ಕ ರೂಪ. ಸೇವೆಗೆ ಬಂದವನನ್ನು ಪುಕ್ಕಟೆ ಆಳೆಂದು ಬಳಸಿಕೊಂಡರೆ ಅದು ಬಿಟ್ಟಿ ದುಡಿಮೆ. ಕೆಲಸಕ್ಕೆ ಅರ್ಥವಿರಬೇಕು, ಅವಧಿಗೆ ಮಿತಿಯಿರಬೇಕು, ಮೇಲ್ವಿಚಾರಕನ ಮಾತಿನಲ್ಲಿ ಮರ್ಯಾದೆಯಿರಬೇಕು.

ತೇರದಾಳದ ನೇಮಿನಾಥ ಬಸದಿಯನ್ನು ಮಂಡಳಿಕ ಗೊಂಕನು ಕಟ್ಟಿಸಿದ್ದನ್ನು 1123ರ ಶಾಸನ ಹೇಳುತ್ತದೆ. ಅರಸು ಕಟ್ಟಿಸಿದ ಆ ಬಸದಿಗೆ ಮುಂದೆ ವರ್ತಕ ಸಮೂಹಗಳೂ ದತ್ತಿ ಬಿಟ್ಟವು. ಊರಿನ ಹೊಣೆಯನ್ನು ಊರವರು ಕೂಡಿ ಹೊರುವ ಪದ್ಧತಿ ಈ ನೆಲಕ್ಕೆ ಹೊಸತಲ್ಲ. ಇಂದಿನ ಬಸದಿಗಳ ಟ್ರಸ್ಟುಗಳೂ ಗೋಶಾಲೆ, ಪಾಠಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಸಂಸ್ಥೆಗಳೂ ನ್ಯಾಯಾಲಯ ಕಳಿಸಿದವನಿಗೆ ಕೆಲಸ ಕೊಡಲು ಸಿದ್ಧರಿದ್ದೇವೆಂದು ತಿಳಿಸಬಹುದು. ಶ್ರಾವಕ ಉದ್ಯಮಿಗಳು ಒಮ್ಮೆ ತಪ್ಪಿದವನ ಕೆಲಸವನ್ನು ಉಳಿಸಿಕೊಡಬಹುದು. ಪ್ರತಿವರ್ಷ ಪರ್ಯೂಷಣದ ಕೊನೆಗೆ ಎಲ್ಲ ಜೀವಿಗಳಿಂದ ಕ್ಷಮೆ ಕೇಳುವ, ಎಲ್ಲ ಜೀವಿಗಳಿಗೂ ಕ್ಷಮೆ ನೀಡುವ ಸಮಾಜ ಇದು. ನ್ಯಾಯಾಲಯದ ಬಾಗಿಲಿನಲ್ಲಿ ಜಾಮೀನುದಾರನಿಗಾಗಿ ಕಾದು ನಿಂತವನೂ ಆ ಜೀವಿಗಳಲ್ಲಿ ಒಬ್ಬನೇ.