ನೆರೆಹೊರೆಯ ನ್ಯಾಯ

ನೆರೆಮನೆಯ ಬಚ್ಚಲ ನೀರು ನಮ್ಮ ಅಂಗಳಕ್ಕೆ ಹರಿದರೆ, ನಮ್ಮ ಬಾಗಿಲಿಗೆ ಅಡ್ಡವಾಗಿ ಯಾರದೋ ವಾಹನವು ನಿಂತರೆ, ಕಾಲ ಕೆಟ್ಟಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ಈ ವ್ಯಾಜ್ಯಗಳು ಇಂದಿನವಲ್ಲ.

ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ 1905ರಲ್ಲಿ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯತಂತ್ರದ ಗ್ರಂಥವೆಂದೇ ಪ್ರಖ್ಯಾತವಾಗಿದೆ. ಅದರಲ್ಲಿ ಬೀದಿಯ ಜಗಳಗಳಿಗೂ ಎಡೆಯುಂಟು. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ, ಕೆಸರುನೀರನ್ನು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ. ಬಂಡಿ ನಿಲ್ಲಿಸುವ, ದನ ಕಟ್ಟುವ ತಾವಿಗೆ ನೆರೆಮನೆಯಿಂದ ಅಂತರವಿರತಕ್ಕದ್ದು. ತಪ್ಪಿದರೆ 24 ಪಣ. ಮನೆಯ ನೀರು ಹರಿಯುವ ಕಾಲುವೆಗೂ ಹೀಗೆಯೇ ಅಂತರ. ತಪ್ಪಿದರೆ 54 ಪಣ.

ಇಷ್ಟು ದಂಡಗಳನ್ನು ಎಣಿಸಿದ ಶಾಸ್ತ್ರಕಾರನೇ, ಮನೆಯೊಡೆಯರು ತಮ್ಮೊಳಗೆ ಒಪ್ಪಿಕೊಂಡು ಬೇಕಾದಂತೆ ಕಟ್ಟಿಕೊಳ್ಳಲು ಅವಕಾಶವನ್ನೂ ಕೊಟ್ಟಿದ್ದಾನೆ. ನೆರೆಯವರ ಒಪ್ಪಿಗೆಯು ಅಳತೆಗೋಲಿಗಿಂತ ಹಿರಿದೆಂಬ ಭಾವ ಇಲ್ಲಿ ನಮಗೆ ಕಾಣುತ್ತದೆ. ಅಧಿಕಾರಿಗಳಿಗೆ ಅರ್ಜಿ ಬರೆಯುವ ಮುನ್ನ ನೆರೆಯವರ ಜಗಲಿಯವರೆಗೆ ಹೋಗಿ ಎರಡು ಮಾತನಾಡುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆಯೆ? ಇದನ್ನು ನಾವೇ ಕೇಳಿಕೊಳ್ಳಬೇಕು.