ಲೆಕ್ಕಕ್ಕೆ ಬಾರದ ಕಾಂಡ್ಲಾ

ದುಬೈಗೆ ಬಂದ ಹೊಸತರಲ್ಲಿ ಖಾಡಿಯ ದಡದ ಅಲ್ ಫಹೀದಿ ಬಡಾವಣೆ ನೋಡಲು ಹೋಗಿದ್ದೆ. ಹಳೆಯ ಮನೆಯೊಂದರ ಮಾಡಿನಲ್ಲಿ ಸಾಲಾಗಿ ಜೋಡಿಸಿದ್ದ ದುಂಡನೆಯ ಜಂತಿಗಳನ್ನು ಕಂಡು ಯಾವ ಮರವೆಂದು ಕೇಳಿದೆ. 'ಚಂದಲ್' ಎಂದರು. ನಮ್ಮ ಕುಂದಾಪುರದ ಹೊಳೆಯಂಚಿನ ಕಾಂಡ್ಲಾದ ಬಳಗದ್ದೇ ಮರ; ಬಂದದ್ದು ಮಾತ್ರ ಪೂರ್ವ ಆಫ್ರಿಕಾದಿಂದ.

ಮರ ಅಪರೂಪವಾದ ಈ ಮರಳುನಾಡಿಗೆ ಕೆನ್ಯಾದ ಲಾಮು, ಟಾಂಜಾನಿಯಾದ ರುಫೀಜಿ ತೀರಗಳಿಂದ ಹಾಯಿಹಡಗುಗಳು ಶತಮಾನಗಳ ಕಾಲ ಕಾಂಡ್ಲಾ ಕಂಬಗಳನ್ನು ಹೊತ್ತು ತಂದವು. ಇಲ್ಲಿಂದ ಖರ್ಜೂರ, ಒಣಮೀನು ಹೋಗುತ್ತಿತ್ತು. ಹಳೆಯ ಮನೆಗಳ ಕೋಣೆ ಎಷ್ಟು ಅಗಲ ಇರಬೇಕೆಂದು ತೀರ್ಮಾನಿಸಿದ್ದೇ ಆ ಕಂಬಗಳ ಉದ್ದ. ಎಣ್ಣೆಯ ಹಣದ ಜತೆ ಸಿಮೆಂಟು, ಉಕ್ಕು ಬಂದು ಬೇಡಿಕೆ ಕುಸಿಯಿತು. 1982ರಲ್ಲಿ ಕೆನ್ಯಾ ರಫ್ತನ್ನೇ ನಿಷೇಧಿಸಿತು.

ಅಷ್ಟಕ್ಕೇ ಕಾಡು ಉಳಿಯಲಿಲ್ಲ. ಮೊಂಬಾಸಾದ ದಕ್ಷಿಣಕ್ಕಿರುವ ಗಾಜಿ ಕೊಲ್ಲಿಯ ಕಾಂಡ್ಲಾ 1970ರ ದಶಕದಲ್ಲೇ ಕಾರ್ಖಾನೆಗಳ ಸೌದೆಗಾಗಿ ಬೋಳಾಗಿತ್ತು. ಮೀನು, ಸಿಗಡಿಯ ಮರಿಗಳು ಬೆಳೆಯುವುದು ಈ ಗಿಡಗಳ ಬೇರಿನ ಸಂದಿಯಲ್ಲಿ. ಬೇರು ಹೋದರೆ ದಡದ ಮಣ್ಣೂ ಹೋಗುತ್ತದೆ, ಬಲೆಗೆ ಬೀಳುವ ಮೀನೂ ಕಡಿಮೆಯಾಗುತ್ತದೆ. 1991ರಲ್ಲಿ ಅಲ್ಲಿ ಮರುನಾಟಿ ಶುರುವಾಯಿತು.

ನನ್ನಂಥ ಲೆಕ್ಕಿಗನಿಗೆ ಸೋಜಿಗವೆನಿಸಿದ್ದು ಮುಂದಿನ ಕಥೆ. 2013ರಲ್ಲಿ ಗಾಜಿ ಮತ್ತು ಮಕೋಂಗೇನಿ ಹಳ್ಳಿಗಳವರು 'ಮಿಕೋಕೊ ಪಮೋಜಾ' ಎಂಬ ಯೋಜನೆ ಆರಂಭಿಸಿದರು. 'ಎಲ್ಲರೂ ಕೂಡಿ ಕಾಂಡ್ಲಾ' ಎಂದು ಅದರರ್ಥ. ಅವರು ಕಾಯುತ್ತಿರುವುದು 117 ಹೆಕ್ಟೇರ್ ಕಾಡು. ಅದರಿಂದ ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ನ ಲೆಕ್ಕಕ್ಕೆ ಕಾರ್ಬನ್ ಕ್ರೆಡಿಟ್ ಸಿಗುತ್ತದೆ. ಅದನ್ನು ಮಾರಿ ಬಂದ ಹಣದಲ್ಲಿ ಕುಡಿಯುವ ನೀರು ಬಂತು, ಶಾಲೆಗೆ ಪುಸ್ತಕ ಬಂತು. ಹಣ ಯಾವುದಕ್ಕೆ ಎಂದು ನಿರ್ಧರಿಸುವವರು ಊರಿನವರೇ. ಅಜ್ಜಂದಿರ ಕಾಲದಲ್ಲಿ ಕಡಿದರೆ ಮಾತ್ರ ಕಾಸು. ಈಗ ನಿಂತ ಮರಕ್ಕೂ ಕಾಸು. ದೊಡ್ಡ ಮೊತ್ತವೇನಲ್ಲ, ಆದರೆ ಅಸಲು ಮುಟ್ಟದೆ ಬಂದ ಬಡ್ಡಿ.

ಇದನ್ನು ಓದುವಾಗ ನನಗೆ ನೆನಪಾದದ್ದು ನನ್ನದೇ ಒಂದು ಹಾಳೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಸಿಗಡಿ ಕೃಷಿಯ ಹುಚ್ಚು ಹತ್ತಿತ್ತು. ಬಿ.ಕಾಂ. ಓದುತ್ತಿದ್ದ ನಾನು ಚಿಕ್ಕಪ್ಪನಿಗೆ ಕೆರೆಯ ಲಾಭ-ನಷ್ಟ ಬರೆದುಕೊಟ್ಟಿದ್ದೆ. ಮರಿ, ಮೇವು, ಡೀಸೆಲ್, ಕೂಲಿ ಎಲ್ಲವೂ ಅದರಲ್ಲಿತ್ತು. ದಂಡೆಗೆ ಅಡ್ಡ ಬಂದ ಕಾಂಡ್ಲಾಕ್ಕೆ ಕಡಿಯುವ ಕೂಲಿಯನ್ನಷ್ಟೇ ಹಾಕಿದ್ದೆ. ಇಳಿತದ ಹೊತ್ತಿಗೆ ಅದರ ಬುಡದಲ್ಲಿ ಏಡಿ, ಚಿಪ್ಪು ಹೆಕ್ಕಿ ಮನೆ ನಡೆಸುತ್ತಿದ್ದ ಹೆಂಗಸರ ಆದಾಯ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಕೂಡಿಸಿದ್ದು ಸರಿಯಾಗಿತ್ತು, ಲೆಕ್ಕ ತಪ್ಪಿತ್ತು.