ಆಕಾಶದಲ್ಲಿ ಆದ ಸಾವಿಗೆ ಯಾರು ಹೊಣೆ?



ಮುಂಬೈ, ಚೆನ್ನೈ, ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರಿಗೆ ಕೊಲ್ಲಿ ದೇಶಗಳಲ್ಲಿ ನೆಂಟರೋ ಸ್ನೇಹಿತರೋ ಇದ್ದೇ ಇರುತ್ತಾರೆ. ಹಾಗಾಗಿ ಈ ಸಲದ ಇತಿಹಾಸದ ಪುಟ ನಿಮಗೆ ತೀರಾ ದೂರದ್ದು ಅನ್ನಿಸಲಾರದು.

1988ರ ಜುಲೈ 3, ಭಾನುವಾರ. ಇರಾನ್ ಏರ್ ಸಂಸ್ಥೆಯ 655ನೇ ವಿಮಾನ ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟಿತು. ಅರ್ಧ ಗಂಟೆಯೂ ಹಿಡಿಯದ ಪ್ರಯಾಣ. ವಿಮಾನ ಮೇಲೇರಿ ಏಳು ನಿಮಿಷ ಆಗಿತ್ತಷ್ಟೇ, ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್‌ ಹಾರಿಸಿದ ಕ್ಷಿಪಣಿಗಳು ಅದನ್ನು ಛಿದ್ರಗೊಳಿಸಿದವು. ಅದರಲ್ಲಿದ್ದ 290 ಮಂದಿಯೂ ಸತ್ತರು. ಅವರಲ್ಲಿ 66 ಮಕ್ಕಳು. ಹತ್ತು ಮಂದಿ ಭಾರತೀಯರೂ ಇದ್ದರು.

ಆಗ ಇರಾನ್-ಇರಾಕ್ ಯುದ್ಧದ ಕಾಲ. ಆ ಬೆಳಿಗ್ಗೆ ವಿನ್ಸೆನ್ಸ್‌ ಇರಾನಿನ ಸಣ್ಣ ಗಸ್ತು ದೋಣಿಗಳ ಜೊತೆ ಗುಂಡಿನ ಕಾಳಗದಲ್ಲಿ ತೊಡಗಿತ್ತು. ಹತ್ತಿರ ಬರುತ್ತಿರುವುದು ಎಫ್-14 ಯುದ್ಧವಿಮಾನ, ಅದು ನಮ್ಮತ್ತ ಕೆಳಗಿಳಿಯುತ್ತಿದೆ ಎಂದು ನೌಕೆಯವರು ತಿಳಿದರು. ಆದರೆ ನೌಕೆಯ ಯಂತ್ರಗಳೇ ದಾಖಲಿಸಿದ್ದ ವಿವರ ಬೇರೆಯಾಗಿತ್ತು: ವಿಮಾನ ನಾಗರಿಕ ಮಾರ್ಗದಲ್ಲೇ ಇತ್ತು, ನಾಗರಿಕ ಸಂಕೇತವನ್ನೇ ಕಳಿಸುತ್ತಿತ್ತು, ಇಳಿಯುತ್ತಿರಲಿಲ್ಲ, ಏರುತ್ತಿತ್ತು. ನೌಕೆ ಕೊಟ್ಟ ಎಚ್ಚರಿಕೆಗಳಲ್ಲಿ ಹೆಚ್ಚಿನವು ಮಿಲಿಟರಿ ತರಂಗಾಂತರದಲ್ಲಿದ್ದವು. ಪ್ರಯಾಣಿಕ ವಿಮಾನಕ್ಕೆ ಅವು ಕೇಳಿಸುವಂತೆಯೇ ಇರಲಿಲ್ಲ. ಘಟನೆಯ ಹೊತ್ತಿನಲ್ಲಿ ನೌಕೆ ಇರಾನಿನ ಜಲಗಡಿಯೊಳಗೇ ಇತ್ತೆಂದು ಅಮೆರಿಕದ ನಿವೃತ್ತ ಸೇನಾ ಮುಖ್ಯಸ್ಥ ಅಡ್ಮಿರಲ್ ವಿಲಿಯಂ ಕ್ರೋ 1992ರಲ್ಲಿ ಒಪ್ಪಿಕೊಂಡರು. ಎರಡು ಕೋಣಗಳ ಕಾದಾಟದಲ್ಲಿ ನಲುಗುವುದು ನಡುವಿನ ಗಿಡವೇ ಅಲ್ಲವೇ?

ಇನ್ನು ನ್ಯಾಯದ ಮಾತು. ಇರಾನ್ ಮೊದಲು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕದ ತಟ್ಟಿತು. 1988ರ ಜುಲೈ 20ರ 616ನೇ ನಿರ್ಣಯ ತೀವ್ರ ದುಃಖ ವ್ಯಕ್ತಪಡಿಸಿತು, ಅಮೆರಿಕವನ್ನು ಖಂಡಿಸಲಿಲ್ಲ. ಆಮೇಲೆ ಮಾಂಟ್ರಿಯಲ್‌ನಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸರದಿ. ಅದರ ಮಂಡಳಿ 1989ರ ಮಾರ್ಚ್‌ನಲ್ಲಿ, ವಿಮಾನವನ್ನು ಗುರುತಿಸುವಲ್ಲಿ ತಪ್ಪಾಗಿದೆ ಎಂದು ವಿಷಾದಿಸಿ ಕೈಬಿಟ್ಟಿತು. ಕೊನೆಗೆ ಇರಾನ್ ಅದೇ ವರ್ಷದ ಮೇ 17ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಈ ಮೊಕದ್ದಮೆ ನಡೆಸುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲ ಎಂದು ಅಮೆರಿಕ ತಕರಾರು ತೆಗೆಯಿತು.

ಕಾನೂನು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಆದರೆ ಕಾಗದದ ಮೇಲೆ. 1983ರಲ್ಲಿ ಸೋವಿಯತ್ ಯುದ್ಧವಿಮಾನ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನವನ್ನು ಹೊಡೆದುರುಳಿಸಿ 269 ಮಂದಿ ಸತ್ತಿದ್ದರು. ಅದರ ಬೆನ್ನಿಗೇ, 1984ರ ಮೇ ತಿಂಗಳಲ್ಲಿ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಬಳಸಕೂಡದೆಂಬ ತಿದ್ದುಪಡಿಯನ್ನು ಷಿಕಾಗೋ ಒಪ್ಪಂದಕ್ಕೆ ಸೇರಿಸಲಾಯಿತು. ಅದು ಜಾರಿಯಾಗಲು 102 ದೇಶಗಳ ಅಂಗೀಕಾರ ಬೇಕಿತ್ತು. ಅಷ್ಟು ಸಹಿ ಕೂಡುವಷ್ಟರಲ್ಲಿ 1998ರ ಅಕ್ಟೋಬರ್ ಬಂದಿತ್ತು.

ಅಷ್ಟರಲ್ಲಿ ಹೇಗ್‌ನ ಮೊಕದ್ದಮೆ ಮುಗಿದೇ ಹೋಗಿತ್ತು. 1996ರ ಫೆಬ್ರವರಿಯಲ್ಲಿ ಎರಡೂ ದೇಶಗಳು ರಾಜಿಯಾದವು. ಸತ್ತ 248 ಇರಾನಿಯರ ಕುಟುಂಬಗಳಿಗೆ 6 ಕೋಟಿ 18 ಲಕ್ಷ ಡಾಲರ್ ಕೊಡಲು ಅಮೆರಿಕ ಒಪ್ಪಿತು. ದುಡಿಯುತ್ತಿದ್ದವರಿಗೆ ತಲಾ ಮೂರು ಲಕ್ಷ, ಉಳಿದವರಿಗೆ ಒಂದೂವರೆ ಲಕ್ಷ. ಆದರೆ ಕಾನೂನಿನ ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ. ನ್ಯಾಯಾಲಯ ತೀರ್ಪು ಹೇಳುವ ಪ್ರಸಂಗವೇ ಬರಲಿಲ್ಲ. ಮನೆಯವರಿಗೆ ದುಡ್ಡು ಸಿಕ್ಕಿತು, ಉತ್ತರ ಸಿಗಲಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ದೊಡ್ಡ ದೇಶದ ದರ್ಪ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ 2020ರ ಜನವರಿ 8ರಂದು ಟೆಹ್ರಾನ್‌ನಿಂದ ಹೊರಟ ಉಕ್ರೇನ್ ವಿಮಾನವನ್ನು ಇರಾನಿನದೇ ಕ್ಷಿಪಣಿಗಳು ಉರುಳಿಸಿದವು. 176 ಸಾವು. ಮೂರು ದಿನ ಅಲ್ಲಗಳೆದ ಇರಾನ್, ಬಳಿಕ ಮನುಷ್ಯ ಸಹಜ ತಪ್ಪು ಎಂದಿತು. 1988ರಲ್ಲಿ ತಾನು ಒಪ್ಪದ ಸಮಜಾಯಿಷಿಯನ್ನೇ ಈಗ ತಾನು ಕೊಟ್ಟಿತು! 2023ರ ಜುಲೈನಲ್ಲಿ ಕೆನಡಾ, ಸ್ವೀಡನ್, ಉಕ್ರೇನ್ ಮತ್ತು ಬ್ರಿಟನ್ ಅದನ್ನು ಅದೇ ಹೇಗ್ ನ್ಯಾಯಾಲಯಕ್ಕೆ ಎಳೆದವು. ಆಧಾರ, 1989ರಲ್ಲಿ ಇರಾನ್ ತಾನೇ ಮುಂದಿಟ್ಟಿದ್ದ 1971ರ ಮಾಂಟ್ರಿಯಲ್ ಒಪ್ಪಂದ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. 2014ರಲ್ಲಿ ಉಕ್ರೇನಿನ ಮೇಲೆ 298 ಮಂದಿಯೊಂದಿಗೆ ಬಿದ್ದ ಮಲೇಷ್ಯಾದ ಎಂಎಚ್17 ವಿಮಾನದ ಪ್ರಕರಣ ನೋಡಿ. 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ರಚಿಸುವ ಪ್ರಸ್ತಾಪಕ್ಕೆ ರಷ್ಯಾ ವೀಟೊ ಹಾಕಿತು. ಆದರೂ ಡಚ್ ನ್ಯಾಯಾಲಯ 2022ರಲ್ಲಿ ಮೂವರಿಗೆ, ಅವರ ಗೈರುಹಾಜರಿಯಲ್ಲೇ, ಜೀವಾವಧಿ ಶಿಕ್ಷೆ ವಿಧಿಸಿತು. 2025ರ ಮೇ ತಿಂಗಳಲ್ಲಿ, ಹಿಂದೊಮ್ಮೆ ವಿಷಾದಿಸಿ ಸುಮ್ಮನಾಗಿದ್ದ ಮಾಂಟ್ರಿಯಲ್‌ನ ಮಂಡಳಿಯೇ, ರಷ್ಯಾ ನಿಯಮ ಮುರಿದಿದೆ ಎಂದು ಹೇಳಿತು. ಅದಕ್ಕೆ ಆಧಾರವಾದದ್ದು 1984ರ ಆ ತಿದ್ದುಪಡಿ.

ಕೇಳುಗರೇ, ಶಿಕ್ಷೆಗೊಳಗಾದ ಆ ಮೂವರೂ ಡಚ್ಚರ ಕೈಗೆ ಸಿಕ್ಕಿಲ್ಲ ಎಂಬುದು ನಿಜ. ಆದರೂ ತಪ್ಪು ಯಾರದೆಂದು ಹೆಸರು ಹಿಡಿದು ಬರೆದಿಟ್ಟ ತೀರ್ಪಿಗೆ ಬೆಲೆಯಿದೆ. 655ನೇ ವಿಮಾನದಲ್ಲಿ ಹೋದ ಆ 290 ಮಂದಿಯ ಪಾಲಿಗೆ ಅಷ್ಟೂ ದಕ್ಕಲಿಲ್ಲ.